ನಾಣ್ಯದ ಸುರುಳಿಯಲ್ಲಿ ಅಚೌರ್ಯ ವಿಚಾರ

ಅಮೆರಿಕ ಸಂಯುಕ್ತ ಸಂಸ್ಥಾನದ ಅತ್ಯಂತ ಕಿರಿಯ ನಾಣ್ಯ ಸೆಂಟ್. ಜನರ ಬಾಯಲ್ಲಿ ಅದು ಪೆನ್ನಿ. ಅಲ್ಲಿಯ ಬ್ಯಾಂಕುಗಳು 50 ಪೆನ್ನಿಗಳನ್ನು ಕಾಗದದಲ್ಲಿ ಸುತ್ತಿ ಅರ್ಧ ಡಾಲರಿನ ಸುರುಳಿಯಾಗಿ ಕೊಡುತ್ತವೆ. ಅಂಥ 50 ಸುರುಳಿಗಳ ಪೆಟ್ಟಿಗೆಗೆ 25 ಡಾಲರು. ಒಳಗೆ 2,500 ನಾಣ್ಯಗಳು. ಇವನ್ನು ತಂದು, ಬಿಚ್ಚಿ, ಒಂದೊಂದನ್ನೇ ಪರೀಕ್ಷಿಸಿ, ಹಳೆಯದನ್ನೂ ಅಪರೂಪದ್ದನ್ನೂ ಆರಿಸಿಕೊಂಡು, ಉಳಿದುದನ್ನು ಮರಳಿ ಬ್ಯಾಂಕಿಗೆ ಕಟ್ಟುವ ಹವ್ಯಾಸವೊಂದು ಅಲ್ಲಿ ಬಹುಕಾಲದಿಂದ ಇದೆ. 2025ರ ಬೇಸಗೆಯಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದಾಗ ಹದಿನಾಲ್ಕು ವರ್ಷದ ಮೊಮ್ಮಗನೊಡನೆ ನಾನೂ ಈ ಕೆಲಸಕ್ಕೆ ಕುಳಿತೆ. ಶ್ರಾವಕನು ವಿಚಾರಿಸಬೇಕಾದ ಕೆಲವು ಪ್ರಶ್ನೆಗಳು ಅದರಲ್ಲಿ ಅಡಗಿರುವುದರಿಂದ ಈ ಲೇಖನ.

ನಮ್ಮದು ಕಂಚು ತಾಮ್ರದ ಪಾತ್ರೆಗಳ ವ್ಯಾಪಾರ ಮಾಡಿದ ಮನೆತನ. ಲೋಹವನ್ನು ಕಂಡರೆ ಕೈ ತಾನಾಗಿ ತೂಗುತ್ತದೆ. ಅಬ್ರಹಾಂ ಲಿಂಕನ್ನರ ಜನ್ಮಶತಾಬ್ದಿಯ ವರ್ಷವಾದ 1909ರಲ್ಲಿ ಅವರ ಮುಖಮುದ್ರೆಯ ಪೆನ್ನಿ ಹೊರಬಂದಿತು. 1958ರವರೆಗೆ ಅದರ ಹಿಂಬದಿಯಲ್ಲಿ ಎರಡು ಗೋಧಿ ತೆನೆಗಳಿದ್ದವು. 1959ರಲ್ಲಿ ಲಿಂಕನ್ ಸ್ಮಾರಕದ ಚಿತ್ರ ಬಂದಿತು. ಆದುದರಿಂದ ಹುಡುಕುವವನು ಮೊದಲು ನೋಡುವುದು ನಾಣ್ಯದ ಬೆನ್ನನ್ನು. 1982ರಲ್ಲಿ ಲೋಹವೇ ಬದಲಾಯಿತು. ಅದುವರೆಗೆ ನೂರಕ್ಕೆ 95 ಪಾಲು ತಾಮ್ರವಿದ್ದು 3.11 ಗ್ರಾಂ ತೂಗುತ್ತಿದ್ದುದು, ತಾಮ್ರದ ತೆಳುಲೇಪವುಳ್ಳ 2.5 ಗ್ರಾಂ ಸತುವಾಯಿತು. ಆ ವರ್ಷದ ನಾಣ್ಯಗಳಲ್ಲಿ ಎರಡು ಬಗೆಯೂ ಉಂಟು. ಕಣ್ಣಿಗೆ ವ್ಯತ್ಯಾಸ ತಿಳಿಯದು. ಮೇಜಿನ ಮೇಲೆ ಬೀಳಿಸಿದರೆ ತಾಮ್ರದ್ದು ನುಡಿಯುತ್ತದೆ, ಸತುವಿನದು ಸಪ್ಪೆಯಾಗಿ ಸದ್ದು ಮಾಡುತ್ತದೆ. ತಕ್ಕಡಿಯಿಲ್ಲದೆ ನಾನು ಬೇರ್ಪಡಿಸಿದ್ದನ್ನು ಕಂಡು ಮೊಮ್ಮಗ ಬೆರಗಾದ. (ಅಜ್ಜನಿಗೆ ಆ ದೇಶದಲ್ಲಿ ದೊರೆತ ಗೌರವ ಅದೊಂದೇ.) ವರ್ಷದ ಕೆಳಗಿನ ಸಣ್ಣ ಅಕ್ಷರ ಟಂಕಸಾಲೆಯದು: ‘ಡಿ’ ಎಂದರೆ ಡೆನ್ವರ್, ‘ಎಸ್’ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ. 1909ರ ಪೆನ್ನಿಗಳಲ್ಲಿ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ ಹೆಸರಿನ ಮೊದಲಕ್ಷರಗಳೂ ‘ಎಸ್’ ಗುರುತೂ ಕೂಡಿರುವವು ಕೇವಲ 4,84,000. ಸಂಗ್ರಾಹಕರು ಆಯುಷ್ಯವಿಡೀ ಅರಸುವುದು ಅದನ್ನು.

ನಮ್ಮ ಮೊದಲ ಪೆಟ್ಟಿಗೆಯಲ್ಲಿ ತೆನೆಯ ನಾಣ್ಯಗಳು ದೊರೆತದ್ದು 11. ಅವು ಒಂದೊಂದೂ ಕೆಲವೇ ಸೆಂಟ್ ಬಾಳುವಂಥವು. ಎರಡು ದಿನದ ದುಡಿಮೆಯನ್ನು ಲೆಕ್ಕ ಹಾಕಿದರೆ ಶುದ್ಧ ನಷ್ಟ.

ಅಲ್ಲಿಯ ಜಿನಮಂದಿರದಲ್ಲಿ ಪರಿಚಿತರಾದ ಧರ್ಮಬಂಧುವೊಬ್ಬರು ಇದನ್ನು ಕೇಳಿ, “ಬ್ಯಾಂಕಿನವರಿಗೆ ತಿಳಿಯದಂತೆ ಹೆಚ್ಚು ಬೆಲೆಯ ವಸ್ತುವನ್ನು ಒಂದು ಸೆಂಟಿಗೆ ಪಡೆಯುವುದು ಅದತ್ತಾದಾನವಲ್ಲವೇ?” ಎಂದು ಆಕ್ಷೇಪಿಸಿದರು. ಆಕ್ಷೇಪ ಹಗುರವಾದುದಲ್ಲ, ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಬ್ಯಾಂಕು ನಾಣ್ಯವನ್ನು ಹಣವೆಂದು ಕೊಡುತ್ತದೆ, ವಸ್ತುವೆಂದು ಕೊಡುವುದಿಲ್ಲ. ಒಳಗೆ ಯಾವ ವರ್ಷದ್ದಿದ್ದರೂ ಚಿಂತೆಯಿಲ್ಲವೆಂದು ತಿಳಿದೇ ಕೊಡುತ್ತದೆ. ಪಡೆದವನು ಸುಳ್ಳಾಡಲಿಲ್ಲ, ತೂಕದಲ್ಲಿ ವಂಚಿಸಲಿಲ್ಲ; ಅವನ ಲಾಭ ಅವನ ಕಣ್ಣಿನ ದುಡಿಮೆಯದು. ಇದು ಕಳವಾದರೆ ವ್ಯಾಪಾರವೆಲ್ಲವೂ ಕಳವೇ.

ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಈ ಅಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಎರಡು ಈ ಹವ್ಯಾಸದ ಮಗ್ಗುಲಲ್ಲೇ ಇವೆ. ಪ್ರತಿರೂಪಕ ವ್ಯವಹಾರವೆಂದರೆ ನಕಲಿಯನ್ನು ಅಸಲಿಯೆಂದು ದಾಟಿಸುವುದು. ಡೆನ್ವರಿನ 1944ರ ನಾಣ್ಯದ ಒಂದು ಅಂಕಿಯನ್ನು ಕೆರೆದು ಅಪರೂಪದ 1914 ಮಾಡುವವರಿದ್ದಾರೆ. ಯುದ್ಧಕ್ಕೆ ತಾಮ್ರ ಬೇಕಾದುದರಿಂದ 1943ರಲ್ಲಿ ಪೆನ್ನಿಯನ್ನು ಉಕ್ಕಿನಲ್ಲಿ ಮುದ್ರಿಸಿದರು. ತಪ್ಪಿನಿಂದ ತಾಮ್ರದಲ್ಲಿ ಮುದ್ರಿತವಾದ ಬೆರಳೆಣಿಕೆಯವಕ್ಕೆ ಅಪಾರ ಬೆಲೆ. ಉಕ್ಕಿನದಕ್ಕೆ ತಾಮ್ರ ಬಳಿದು ಮಾರುವವರಿಗೆ ಇಷ್ಟು ಸಾಕು. ಅಯಸ್ಕಾಂತವೊಂದು ಆ ಮೋಸವನ್ನು ಕ್ಷಣದಲ್ಲಿ ಬಯಲು ಮಾಡುತ್ತದೆ. ವಿರುದ್ಧರಾಜ್ಯಾತಿಕ್ರಮ ಇನ್ನೊಂದು. ಹಳೆಯ ಪೆನ್ನಿಯ ತಾಮ್ರಕ್ಕೇ ಒಂದು ಸೆಂಟಿಗಿಂತ ಹೆಚ್ಚು ಬೆಲೆಯಿದೆ. ಪೆನ್ನಿಗಳನ್ನು ಕರಗಿಸುವುದನ್ನು 2006ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರ ನಿಷೇಧಿಸಿತು. ನಿಷೇಧ ಒಂದು ದಿನ ಹೋದೀತೆಂದು ತಾಮ್ರದವನ್ನೇ ಆರಿಸಿ ಡಬ್ಬಿಗಟ್ಟಲೆ ತುಂಬಿಡುವವರನ್ನು ಅಪರಾಧಿಗಳೆನ್ನಲಾಗದು. ಆದರೆ ಮೂರ್ಛೆ ಎಂಬ ಶಬ್ದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ. ಒಂದು ಪೆನ್ನಿ ಮಾಡಲು ಮೂರು ಸೆಂಟಿಗೂ ಮಿಗಿಲಾಗಿ ತಗಲುತ್ತಿದ್ದುದರಿಂದ 2025ರ ನವೆಂಬರ್ 12ರಂದು ಫಿಲಡೆಲ್ಫಿಯದಲ್ಲಿ ಚಲಾವಣೆಯ ಕೊನೆಯ ಪೆನ್ನಿಯನ್ನು ಮುದ್ರಿಸಿದರು. ತುಂಬಿಡುವವರ ಆಸೆ ಇನ್ನಷ್ಟು ಬೆಳೆದಿರಬೇಕು.

ನಾನು ಹೇಳಬೇಕೆಂದ ಪ್ರಸಂಗ ಬೇರೆ. ಜುಲೈಯಲ್ಲಿ ಒಂದು ದಿನ ಬ್ಯಾಂಕಿನ ಗುಮಾಸ್ತೆ ಮೊಮ್ಮಗನಿಗೆ ಕೈಯಿಂದ ಸುತ್ತಿದ 8 ಸುರುಳಿಗಳನ್ನು ಕೊಟ್ಟಳು. ಮನೆ ಖಾಲಿ ಮಾಡುತ್ತಿರುವ ವೃದ್ಧೆಯೊಬ್ಬರು ಅವನ್ನು ಆ ಬೆಳಿಗ್ಗೆ ತಂದು ಕಟ್ಟಿದ್ದರಂತೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ವರ್ಷಗಳನ್ನು ಬರೆದಿತ್ತು. ಬಿಚ್ಚಿದರೆ ಎಲ್ಲವೂ ತೆನೆಯ ನಾಣ್ಯಗಳು. ನಡುವೆ ಸ್ಯಾನ್ ಫ್ರಾನ್ಸಿಸ್ಕೊದ 1931ರದೊಂದು. ಸವೆದಿದ್ದರೂ ಅದಕ್ಕೆ ಹತ್ತಾರು ಡಾಲರು. ಹುಡುಗ ಕುಣಿದ. ನನಗೆ ಆ ಪೆನ್ಸಿಲ್ ಬರಹ ಹಿಡಿಸಲಿಲ್ಲ. ತಿಳಿದವರು ಯಾರೋ ಆರಿಸಿಟ್ಟದ್ದನ್ನು ತಿಳಿಯದವರು ತಂದು ಕಟ್ಟಿದ್ದರು.

ಮಗಳು ವಾದಿಸಿದಳು: ಆಕೆಗೆ ನಾಲ್ಕು ಡಾಲರು ಸಂದಿದೆ, ಬ್ಯಾಂಕಿಗೂ ಸಂದಿದೆ, ನಿಮ್ಮ ತರ್ಕದಂತೆಯೇ ಇದು ಕಳವಲ್ಲ. ಕಾನೂನಿನ ಮಟ್ಟಿಗೆ ಅವಳ ಮಾತು ಸರಿ. ಆದರೆ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಈ ವ್ರತವನ್ನು ನಿರೂಪಿಸುವಾಗ ಪರರು ಮರೆತುಹೋದ ವಸ್ತುವನ್ನೂ ಬಿಡದೆ ಸೇರಿಸಿದ್ದಾರೆ. ವಸ್ತುವನ್ನು ಮರೆಯುವಂತೆ ವಸ್ತುವಿನ ಬೆಲೆಯನ್ನೂ ಮರೆಯಬಹುದು, ಅಥವಾ ಬಲ್ಲವರು ತೀರಿಕೊಂಡು ಮನೆಯೇ ಮರೆಯಬಹುದು. ಪೆಟ್ಟಿಗೆಯ 2,500 ನಾಣ್ಯಗಳ ಹಿಂದೆ ಗುರುತಿಸಬಹುದಾದ ಒಡೆಯನಿಲ್ಲ. ಇಲ್ಲಿ ಒಬ್ಬರಿದ್ದಾರೆ, ಅದೇ ಊರಿನಲ್ಲಿದ್ದಾರೆ. ನಮ್ಮ ತಂದೆಯವರು ಹಳೆಯ ಪಾತ್ರೆ ಕೊಳ್ಳುವಾಗ, ತಂದವರು ಹಿತ್ತಾಳೆಯೆಂದರೂ ಅದು ಕಂಚಾಗಿದ್ದರೆ ಕಂಚೆಂದು ಹೇಳಿಯೇ ತಕ್ಕಡಿಗೆ ಇಡುತ್ತಿದ್ದರು. ಇದರಿಂದ ಅಂಗಡಿಗೆ ಆದ ನಷ್ಟ ಸಣ್ಣದಲ್ಲ.

ಬ್ಯಾಂಕಿನವರು ಆಕೆಯ ಹೆಸರು ಹೇಳಲಿಲ್ಲ, ಅದು ಸರಿಯೇ. ಆದರೆ ಮೊಮ್ಮಗ ಬರೆದ ಪತ್ರವನ್ನು ತಲುಪಿಸಲು ಒಪ್ಪಿದರು. ಸುರುಳಿಗಳನ್ನು ಹಾಗೆಯೇ ಸುತ್ತಿಟ್ಟೆವು. ಮೂರು ವಾರದ ಮೇಲೆ ಆಕೆ ಮಗಳೊಡನೆ ಬಂದು, ನಾಲ್ಕು ಡಾಲರು ಕೊಟ್ಟು, ಎಂಟನ್ನೂ ಒಯ್ದರು. ಬರಹ ಗಂಡನದೆಂದರು. ಒಂದನ್ನಾದರೂ ಕೊಟ್ಟಾರೆಂದು ಹುಡುಗ ಕಾದಿದ್ದ, ಕೊಡಲಿಲ್ಲ. ಎರಡು ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಆಕೆ ಬಾರದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಆಮೇಲೆ ಕೇಳಿದ. ಒಂದು ವರ್ಷ ಕಾದು ನಿನಗೇ ಬಿಡುತ್ತಿದ್ದೆ ಎಂದೆ.

ಇದನ್ನು ಇಲ್ಲಿ ಬರೆಯಲು ಇನ್ನೊಂದು ಕಾರಣ ನಮ್ಮ ಬಸದಿಗಳ ಹುಂಡಿ. ಎಣಿಕೆಯ ದಿನ ಒಮ್ಮೊಮ್ಮೆ ಐದನೆಯ ಜಾರ್ಜ್ ದೊರೆಯ ರೂಪಾಯಿ ಬರುತ್ತದೆ: 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಎಣಿಸುವವರೊಬ್ಬರು ಈಗಿನ ಒಂದು ರೂಪಾಯಿ ಹಾಕಿ ಅದನ್ನು ಜೇಬಿಗಿಳಿಸಿದರೆ ಲೆಕ್ಕ ತಪ್ಪುವುದಿಲ್ಲ. ಬ್ಯಾಂಕಿನ ಗಿರಾಕಿಗೆ ನಾನು ಮೇಲೆ ಕೊಟ್ಟ ಸಮರ್ಥನೆ ಅವರಿಗೆ ಸಲ್ಲದು. ಅವರು ಕುಳಿತಿರುವುದು ಕೊಡುವ ಕಡೆಯಲ್ಲಿ, ಇನ್ನೊಬ್ಬರ ಪರವಾಗಿ. ನಮ್ಮ ಬಸದಿಯಲ್ಲಿ ಅಂಥ ನಾಣ್ಯಗಳನ್ನು ಬೇರೆ ಪುಸ್ತಕದಲ್ಲಿ ಬರೆದು, ಮೂವರ ಸಹಿ ಹಾಕಿಸಿ, ವರ್ಷಕ್ಕೊಮ್ಮೆ ಬಹಿರಂಗವಾಗಿ ಹರಾಜು ಮಾಡುತ್ತಾರೆ. ಎಣಿಸಿದವರು ಕೂಗುವಂತಿಲ್ಲ.