ಎರಡೂ ಮುಳ್ಳು ಸುಳ್ಳು ಹೇಳಿದರೆ...

ಹಳೇ ಕಾರು ಇಟ್ಟುಕೊಂಡವರಿಗೆ ಡ್ಯಾಶ್‌ಬೋರ್ಡಿನ ಮುಳ್ಳುಗಳ ಮೇಲೆ ಅಷ್ಟಕ್ಕಷ್ಟೇ ನಂಬಿಕೆ. ನಮ್ಮಪ್ಪ ಅಂತೂ ಪೆಟ್ರೋಲ್ ಹಾಕಿಸಿದಾಗಿನ ಕಿಲೋಮೀಟರನ್ನು ಡೈರಿಯಲ್ಲಿ ಬರೆದಿಟ್ಟು, ಲೆಕ್ಕ ಹಾಕಿಯೇ ಹುಕ್ಕೇರಿಗೆ ಹೊರಡುವವರು. ಆದರೆ ಹೋದ ವರ್ಷ ರಾತ್ರಿ ಹೊತ್ತು ಅವ್ವನನ್ನು ಮೂಡಲಗಿಯಿಂದ ಗೋಕಾಕದ ದವಾಖಾನೆಗೆ ಒಯ್ಯುವಾಗ ಡೈರಿ ನೋಡುವ ವ್ಯವಧಾನ ಯಾರಿಗಿತ್ತು? ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಲೇ ಇತ್ತು, ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟಿತು. ಹಿಂದೆ ಬಂದ ಹಾಲಿನ ಗಾಡಿಯವನೊಬ್ಬ ಅವ್ವನನ್ನು ಕೂರಿಸಿಕೊಂಡು ಹೋದ. ಪುಣ್ಯಾತ್ಮ! ಅವ್ವ ಆರಾಮಾದಳು, ಆದರೆ ಅಣ್ಣ "ಈ ಗಾಡಿ ಮಾರಿಬಿಡೂಣು" ಅಂತ ಹಟ ಹಿಡಿದ.

ಮಿಸ್ತ್ರಿಯೊಬ್ಬರು ನೋಡಿ, "ಟ್ಯಾಂಕ್ ಇಳಸಬೇಕ್ರಿ, ಫ್ಲೋಟ್ ಹೋಗೇತಿ" ಅಂದರು. ನನಗೆ ಅನುಮಾನ ಬಂದದ್ದು ಇನ್ನೊಂದು ಮುಳ್ಳಿನಿಂದ. ಇಂಜಿನ್ ಕುದಿಯದಿದ್ದರೂ ಟೆಂಪರೇಚರ್ ಮುಳ್ಳೂ ಕೆಂಪಿನ ಹತ್ತಿರ ಹೋಗುತ್ತಿತ್ತು. ಟ್ಯಾಂಕಿಗೂ ರೇಡಿಯೇಟರಿಗೂ ಒಟ್ಟಿಗೇ ರೋಗ ಬರುವುದುಂಟೇ?

ನಮ್ಮದು ಬ್ರಿಟಿಷ್ ಮೂಲದ ಕಾರು. ಇಂಥವುಗಳ ಮೀಟರಿನೊಳಗೆ ಎರಡು ಲೋಹ ಬೆಸೆದ ಪಟ್ಟಿ, ಅದಕ್ಕೆ ಸುತ್ತಿದ ತಂತಿ. ಕರೆಂಟ್ ಹರಿದರೆ ಪಟ್ಟಿ ಕಾದು ಬಾಗುತ್ತದೆ, ಮುಳ್ಳು ನಿಧಾನಕ್ಕೆ ಏಳುತ್ತದೆ. ಬ್ಯಾಟರಿಯೋ ಗಾಡಿ ನಿಂತಾಗ 12 ವೋಲ್ಟ್, ಓಡುವಾಗ 14ರ ಹತ್ತಿರ. ಹೀಗೆ ಏರಿಳಿದರೆ ಪೆಟ್ರೋಲ್ ಅಷ್ಟೇ ಇದ್ದರೂ ಮುಳ್ಳು ಕುಣಿಯಬೇಕು. ಅದಕ್ಕೇ ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಡಬ್ಬಿ, ವೋಲ್ಟೇಜ್ ಸ್ಟೆಬಿಲೈಸರ್. ಅದರೊಳಗೂ ಅಂಥದ್ದೇ ಪಟ್ಟಿ! ಕಾದರೆ ಬಾಗಿ ಸಂಪರ್ಕ ತಪ್ಪಿಸುತ್ತದೆ, ಆರಿದರೆ ಮತ್ತೆ ಕೂಡಿಸುತ್ತದೆ. ಹೀಗೆ ಹೊತ್ತಿ ಆರಿ ಸರಾಸರಿ 10 ವೋಲ್ಟ್ ಕೊಡುತ್ತದೆ (ಅಮೆರಿಕದ ಹಲವು ಗಾಡಿಗಳಲ್ಲಿ 5). ಮೀಟರಿನ ಮುಳ್ಳು ಸೋಮಾರಿಯಾದ್ದರಿಂದ ಈ ಮಿಣುಕಾಟ ಅದಕ್ಕೆ ತಿಳಿಯುವುದೇ ಇಲ್ಲ :-)

ಡಬ್ಬಿಯ ಪಟ್ಟಿ ಕಾಯಬೇಕಾದರೆ ಅದರ ಮೈ ಬಾಡಿಗೆ ಸರಿಯಾಗಿ ಅರ್ಥ್ ಆಗಿರಬೇಕು. ನಮ್ಮದರಲ್ಲಿ ಸ್ಕ್ರೂ ತುಂಬ ತುಕ್ಕು. ಪಟ್ಟಿ ಕಾಯದು, ಸಂಪರ್ಕ ತಪ್ಪದು, ಪೂರ್ತಿ ಬ್ಯಾಟರಿ ವೋಲ್ಟೇಜ್ ಸೀದಾ ಎರಡೂ ಮೀಟರಿಗೆ! ಬ್ಯಾಟರಿ ತಂತಿ ಬಿಚ್ಚಿ, ಸ್ಕ್ರೂ ಮತ್ತು ಅದು ಕೂರುವ ಜಾಗ ಎರಡನ್ನೂ ಮರಳು ಕಾಗದದಿಂದ ತಿಕ್ಕಿ ಬಿಗಿದೆ. ಎರಡು ಮುಳ್ಳೂ ತೆಪ್ಪಗೆ ಕೆಳಗಿಳಿದವು. ಖರ್ಚು ಒಂದು ಮರಳು ಕಾಗದ. ಅಣ್ಣ ಮಾರುವ ಮಾತು ಬಿಟ್ಟ.

ನಿಮ್ಮಲ್ಲಿ ಒಂದೇ ಮುಳ್ಳು ಕೆಟ್ಟಿದ್ದರೆ ಮಾತ್ರ ಫ್ಲೋಟ್, ತಂತಿ, ಮೀಟರ್ ಅಂತ ಹುಡುಕಿ. ಎರಡೂ ಸೇರಿ ಸುಳ್ಳು ಹೇಳಿದರೆ ಮೊದಲು ಡಬ್ಬಿ ನೋಡಿ. ಡಬ್ಬಿಯೇ ಸತ್ತಿದ್ದರೆ ಈಗ 10 ವೋಲ್ಟಿನ ಎಲೆಕ್ಟ್ರಾನಿಕ್ ಡಬ್ಬಿಯೂ ಸಿಗುತ್ತದೆ. ಆದರೆ ಕೆಲವು ತೀರಾ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಅರ್ಥ್ ಆಗಿರುವುದು ಪ್ಲಸ್. ಹಳೇ ಪಟ್ಟಿಗೆ ಪ್ಲಸ್ಸೂ ಒಂದೇ ಮೈನಸ್ಸೂ ಒಂದೇ, ಹೊಸದಕ್ಕೆ ಹಾಗಲ್ಲ. ಕೊಳ್ಳುವ ಮೊದಲು ಬ್ಯಾಟರಿಯ ಯಾವ ತಂತಿ ಬಾಡಿಗೆ ಹೋಗಿದೆ ಅಂತ ನೋಡಿಕೊಳ್ಳಿ.