ಹುತ್ತದೊಳಗೆ ನುಗ್ಗಿದ ಮೂತಿ

ಏಪ್ರಿಲ್ ರಾತ್ರಿ. ದರೋಜಿ ಕರಡಿಧಾಮದ ಬಂಡೆಗಳು ಹಗಲಿನ ಬಿಸಿಯನ್ನು ಇನ್ನೂ ಕಕ್ಕುತ್ತಿವೆ. ಗುಹೆಯಿಂದ ಹೊರಬಿದ್ದ ತಾಯಿ ಕರಡಿಯ ಬೆನ್ನ ಮೇಲೆ ಎರಡು ಮರಿಗಳು, ಒರಟು ಕೂದಲಿಗೆ ಉಗುರು ಸಿಕ್ಕಿಸಿಕೊಂಡು ಕೂತಿವೆ. ಬೋರೆ ಹಣ್ಣಿನ ಕಾಲ ಮುಗಿದಿದೆ. ಹೊಟ್ಟೆಗೆ ಬೀಳದಿದ್ದರೆ ಮೊಲೆಯಲ್ಲಿ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿಗಳಿಲ್ಲ.

ನೆಲಕ್ಕೆ ಮೂತಿ ಹಚ್ಚಿ ಓಡುತ್ತಾಳೆ. ಥಟ್ಟನೆ ನಿಲ್ಲುತ್ತಾಳೆ. ಗೆದ್ದಲಿನ ವಾಸನೆ! ಆದರೆ ಅದು ಕಲ್ಲಾಗಿ ಒಣಗಿದ ಮಣ್ಣಿನ ಕೆಳಗಿದೆ.

ಸುಮಾರು 8 ಸೆಂಟಿಮೀಟರ್ ಉದ್ದದ ಉಗುರುಗಳು ಹುತ್ತಕ್ಕೆ ಬೀಳುತ್ತವೆ. ಹೆಂಟೆ ಹಾರುತ್ತದೆ, ಧೂಳು ಏಳುತ್ತದೆ. ಗೋಡೆ ಬಿರಿದ ಕ್ಷಣವೇ ಒಳಗಿಂದ ಸೈನಿಕ ಗೆದ್ದಲುಗಳು ನುಗ್ಗಿ ಬರುತ್ತವೆ. ಅವುಗಳ ದವಡೆ ನೀಳವಾಗಿ ಬಾಗಿ ಕುಡುಗೋಲಾಗಿದೆ. ಅದು ಕಾದಾಟಕ್ಕೇ ಮೀಸಲು. ಸ್ವತಃ ಉಣ್ಣಲೂ ಬರದ ಸೈನಿಕನಿಗೆ ಕೆಲಸಗಾರ ಗೆದ್ದಲುಗಳೇ ಉಣಿಸಬೇಕು. ಗೂಡಿಗಾಗಿ ಊಟದ ಬಾಯನ್ನೇ ಬಿಟ್ಟುಕೊಟ್ಟ ಆ ಪುಟ್ಟ ಜೀವಗಳ ಕೆಚ್ಚಿಗೆ ನಾನು ತಲೆಬಾಗುತ್ತೇನೆ.

ಕರಡಿ ಹಿಂಜರಿಯುವುದಿಲ್ಲ. ಉದ್ದ ಮೂತಿಯನ್ನು ಬಿರುಕಿನೊಳಕ್ಕೇ ತೂರಿಸುತ್ತಾಳೆ. ಮೂಗಿನ ಹೊಳ್ಳೆಗಳು ಮುಚ್ಚಿಕೊಳ್ಳುತ್ತವೆ. ಇನ್ನು ಧೂಳೂ ಒಳಗೆ ಹೋಗದು, ಸೈನಿಕರೂ ಹೋಗಲಾರರು. ಭುಸ್ಸೆಂದು ಊದುತ್ತಾಳೆ, ಸಡಿಲ ಮಣ್ಣು ಹಾರಿಹೋಗುತ್ತದೆ. ಮರುಗಳಿಗೆ ತುಟಿಗಳು ಮುಂದಕ್ಕೆ ಚಾಚಿ ಕೊಳವೆಯಾಗುತ್ತವೆ. ಮೇಲ್ದವಡೆಯ ನಡುವೆ ಎರಡು ಬಾಚಿಹಲ್ಲುಗಳೇ ಇಲ್ಲ. ಆ ಸಂದಿಯೇ ದಾರಿ. ಗುಳಿಬಿದ್ದ ಅಂಗುಳದತ್ತ ಗೆದ್ದಲುಗಳು ಗಾಳಿಯೊಡನೆ ಸುಯ್ಯೆಂದು ನುಗ್ಗುತ್ತವೆ. ಊದು, ಹೀರು! ಮತ್ತೆ ಊದು, ಮತ್ತೆ ಹೀರು!

ಕರಡಿ ಕುಣಿಸುವವರು ಬಿಸಿ ಸೂಜಿಯಿಂದ ಚುಚ್ಚಿ ಹಗ್ಗ ಪೋಣಿಸುತ್ತಿದ್ದದ್ದು ಇದೇ ಮೂತಿಗೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ದಶಕಗಳ ಕಾಲ ಆ ಕ್ರೌರ್ಯ ನಡೆಯಿತು. ಕರಡಿಯ ಬದುಕಿನ ಬೇರಿಗೇ ಹಾಕಿದ ಕೊಡಲಿಯದು.

ಹೀರುವ ಸದ್ದು 150 ಮೀಟರ್ ಆಚೆಗೂ ಕೇಳುತ್ತದೆ. ಈ ರಾತ್ರಿ ಅದನ್ನು ಚಿರತೆಯೊಂದು ಕೇಳಿಸಿಕೊಂಡಿದೆ.

ಬಂಡೆಯ ಮೇಲೆ ಎರಡು ಕಣ್ಣು ಮಿಂಚುತ್ತವೆ. ಹುತ್ತದಲ್ಲಿ ತಲೆ ಹುದುಗಿಸಿದ ತಾಯಿಗೆ ಅದರ ಸುಳಿವಿಲ್ಲ. ಚಿರತೆ ಹೊಟ್ಟೆ ನೆಲಕ್ಕೊತ್ತಿ ತೆವಳುತ್ತದೆ. ಹತ್ತು ಹೆಜ್ಜೆ. ಆರು. ಮರಿಯೊಂದು ಕಿರುಚುತ್ತದೆ!

ತಾಯಿ ಮೂತಿ ಕಿತ್ತು ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತಾಳೆ. ಮರಿಗಳು ಜಾರುತ್ತವೆ, ಕೂದಲು ಹಿಡಿದು ನೇತಾಡುತ್ತವೆ. ಕಾಡು ನಡುಗುವಂತೆ ಅಬ್ಬರಿಸಿ ನೇರ ಚಿರತೆಯ ಮುಖಕ್ಕೇ ನುಗ್ಗುತ್ತಾಳೆ. ಉಗುರು ಗಾಳಿ ಸೀಳುತ್ತದೆ, ಬಂಡೆಗೆ ಬಡಿಯುತ್ತದೆ. ಚಿರತೆ ಪಕ್ಕಕ್ಕೆ ನೆಗೆದು, ಒಮ್ಮೆ ಗುರುಗುಟ್ಟಿ, ಬಂಡೆಗಳ ಸಂದಿಯಲ್ಲಿ ಮರೆಯಾಗುತ್ತದೆ.

ಉಸಿರು ತೆಗೆದುಕೊಳ್ಳಲು ಪುರುಸೊತ್ತಿಲ್ಲ. ಅಷ್ಟರಲ್ಲೇ ಕೆಲಸಗಾರ ಗೆದ್ದಲುಗಳು ಹಸಿ ಮಣ್ಣು ತಂದು ಬಿರುಕು ಮುಚ್ಚತೊಡಗಿವೆ, ಸೈನಿಕರು ಅಂಚಿನಲ್ಲಿ ದವಡೆ ತೆರೆದು ಕಾವಲು ನಿಂತಿದ್ದಾರೆ. ಮರಿಗಳು ಮತ್ತೆ ಬೆನ್ನೇರುತ್ತವೆ. ತಾಯಿ ಉಗುರು ಬೀಸಿ ಇನ್ನೂ ಆಳಕ್ಕೆ ಬಗೆದು, ಹೊಳ್ಳೆ ಮುಚ್ಚಿ, ಕಣ್ಣಿನವರೆಗೂ ಮೂತಿಯನ್ನು ಒಳಗಿಳಿಸುತ್ತಾಳೆ.