ಕಡಲನ್ನು ಒಳಗಿಡುವ ಅಂಟು

ಮಾರ್ಚ್ ತಿಂಗಳ ಬೆಳಿಗ್ಗೆ. ಕುಂದಾಪುರದ ಸೆಕೆಗೆ ಹತ್ತು ಗಂಟೆಗೇ ಅಂಗಿ ಬೆನ್ನಿಗೆ ಅಂಟಿದೆ. ಹಾರ್ಡ್‌ವೇರ್ ಅಂಗಡಿಯವರು ಮೇಜಿನ ಮೇಲೆ ಡಬ್ಬಿ, ಟ್ಯೂಬುಗಳನ್ನು ಸಾಲಾಗಿ ಇಟ್ಟಿದ್ದಾರೆ.

"ಉಪ್ಪ್ ನೀರಿಗಾ? ಹಂಗಾರೆ ಇದ್ ತಕಣಿ. ಬೋಟಿನವ್ರೆಲ್ಲ ಇದನ್ನೇ ತಕಂಡ್ ಹೋಪುದ್."

ನಿಮ್ಮ ಕೈ ಡಬ್ಬಿಯತ್ತ ಹೋಗುತ್ತದೆ. ಜೊತೆಗೆ ಬಂದ ಪ್ಲಂಬರ್ ತಡೆಯುತ್ತಾರೆ. "ಹ್ವಾಯ್, ಅದ್ ಬ್ಯಾಡ. ದೋಣಿಗ್ ಹಾಕುದ್ ಬೇರೆ, ಮೀನಿಗ್ ಬೇರೆ."

ಗಂಗೊಳ್ಳಿಯಲ್ಲಿ ನಿನ್ನೆ ಕಂಡದ್ದು ನೆನಪಾಗುತ್ತದೆ. ಪಂಚಗಂಗಾವಳಿ ಕಡಲು ಸೇರುವಲ್ಲಿ, ದಡಕ್ಕೆ ಎಳೆದ ಬೋಟಿನ ಹೊಟ್ಟೆಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ಚಿಪ್ಪು ಕಟ್ಟದಿರಲೆಂದು ಬಳಿಯುವ ಇಂಥ ಬಣ್ಣಗಳಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ. ದೋಣಿಗೆ ಬೇಕಾದದ್ದು ಕಡಲನ್ನು ಹೊರಗಿಡುವುದು, ಹತ್ತಿದ ಜೀವಿಯನ್ನು ಓಡಿಸುವುದು. ಬ್ರಹ್ಮಾವರದ ನಿಮ್ಮ ಜಗಲಿಯಲ್ಲಿ ಕಾದಿರುವ ಇನ್ನೂರು ಲೀಟರಿನ ಗಾಜಿನ ತೊಟ್ಟಿಗೆ ಬೇಕಾದದ್ದು ಅದರ ತಿರುಗುಮುರುಗು. ಡಬ್ಬಿಯ ಮೇಲೆ ದೋಣಿಯ ಚಿತ್ರವಿದ್ದರೆ ಉಪ್ಪುನೀರಿಗೆ ತಾಳುತ್ತದೆ ಎಂದಷ್ಟೇ ಅರ್ಥ. ತೊಟ್ಟಿಯೊಳಗಿನ ಚಟ್ಲಿ, ಅಂದರೆ ಸಿಗಡಿ, ತಾಳುತ್ತದೆಯೇ ಎಂಬುದನ್ನು ಆ ಚಿತ್ರ ಹೇಳುವುದಿಲ್ಲ.

ಹಿತ್ತಾಳೆಯ ವಾಲ್ವ್ ಮಿರಿಮಿರಿ ಮಿಂಚುತ್ತಿದೆ. "ತಾಮ್ರ ಇತ್ತ್ ಅದ್ರಗೆ, ಚಟ್ಲಿ ಉಳಿತಿಲ್ಲೆ" ಎಂದು ಪ್ಲಂಬರ್ ಪಕ್ಕಕ್ಕೆ ಸರಿಸಿ ಪಿವಿಸಿ ವಾಲ್ವ್ ತೆಗೆದುಕೊಳ್ಳುತ್ತಾರೆ. ಕಬ್ಬಿಣದ ಪೈಪಿನ ಮರೆಗೆ (ಥ್ರೆಡ್‌ಗೆ) ಸುತ್ತುವ ದಾರ, ಅದರ ಮೇಲೆ ಬಳಿಯುವ ಸಫೇದವೂ ಬೇಡ. ಹಳೆಯ ಸಫೇದಕ್ಕೆ ಸೀಸವೇ ಮೂಲ. ಬದಲಿಗೆ ಒಂದು ಸುರುಳಿ ಟೆಫ್ಲಾನ್ ಟೇಪ್ ಸಾಕು. ಅದು ನೀರಿಗೆ ಏನನ್ನೂ ಬಿಡುವುದಿಲ್ಲ.

ಉಳಿದದ್ದು ಸಿಲಿಕೋನ್. ಬಚ್ಚಲುಮನೆಯ ಟ್ಯೂಬನ್ನು ತಿರುಗಿಸಿ ಓದಿ. 'ಬೂಷ್ಟು ನಿರೋಧಕ' ಎಂದಿದೆ. ಬೂಷ್ಟನ್ನು ಕೊಲ್ಲುವ ಮದ್ದು ತೊಟ್ಟಿಯೊಳಗೂ ಸುಮ್ಮನಿರುವುದಿಲ್ಲ. ಸಿಲಿಕೋನ್ ಒಣಗುವಾಗ ಬರುವ ವಿನಿಗರ್ ವಾಸನೆ ಅಸಿಟಿಕ್ ಆಮ್ಲದ್ದು; ಅದು ಹಾರಿಹೋಗುತ್ತದೆ. ಆದರೆ ಆ ವಾಸನೆಯೊಂದನ್ನೇ ನಂಬಿ ಕೊಳ್ಳಬೇಡಿ, ಬೂಷ್ಟಿನ ಮದ್ದು ಸೇರಿದ ಟ್ಯೂಬೂ ಹಾಗೇ ನಾರಬಹುದು. ಅಕ್ವೇರಿಯಂಗೆಂದೇ ಬರೆದ ಟ್ಯೂಬು ಗಾಜಿನಿಂದ ಗಾಜಿಗೆ ಸರಿ. ಪಿವಿಸಿಯನ್ನು ಅದೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಪೈಪು ಗಾಜನ್ನು ದಾಟುವಲ್ಲಿ ರಬ್ಬರ್ ವಾಷರಿನ ಟ್ಯಾಂಕ್ ನಿಪ್ಪಲ್. ಅಲ್ಲಿ ಅಂಟೇ ಬೇಡ.

ಮಧ್ಯಾಹ್ನ, ಬ್ರಹ್ಮಾವರ. ಹ್ಯಾಕ್ಸಾ ಪೈಪನ್ನು ನೆಟ್ಟಗೆ ಕೊಯ್ಯುತ್ತದೆ. ಬಿಳಿ ಪುಡಿ ಮಂಡಿಯ ಮೇಲೆ ಉದುರುತ್ತದೆ. ಅಂಚಿನ ಸಿಬಿರನ್ನು ಚೂರಿಯಿಂದ ಹೆರೆದು, ಎಲ್ಲವನ್ನೂ ಅಂಟಿಲ್ಲದೆಯೇ ಜೋಡಿಸಿ ನೋಡಿ, ಪೆನ್ಸಿಲ್ ಗುರುತು ಹಾಕುತ್ತೀರಿ. ಈಗ 'ಸೊಲ್ಯೂಶನ್' ಡಬ್ಬಿಯ ಮುಚ್ಚಳ ತೆರೆಯುತ್ತದೆ. ತೀಕ್ಷ್ಣ ಘಾಟು ಮೂಗಿಗೆ ಏರಿ ಕಣ್ಣು ಚುರುಗುಟ್ಟುತ್ತದೆ. ಕಿಟಕಿ ತೆರೆದಿಡಿ, ಒಲೆ ಆರಿಸಿಡಿ. ಆವಿಗೆ ಬೆಂಕಿ ಬೇಗ ಹತ್ತುತ್ತದೆ.

ಅಂಟು ಎನ್ನುತ್ತೇವೆ, ನಿಜಕ್ಕೂ ಇದು ಬೆಸುಗೆ. ಡಬ್ಬಿಯ ದ್ರಾವಕ ಎರಡೂ ಮೈಯನ್ನು ಮೆತ್ತಗೆ ಮಾಡುತ್ತದೆ, ಒಂದರ ಪ್ಲಾಸ್ಟಿಕ್ಕು ಇನ್ನೊಂದರೊಳಗೆ ಬೆರೆಯುತ್ತದೆ, ದ್ರಾವಕ ಆರಿದಾಗ ಎಲ್ಬೋ ಮತ್ತು ಪೈಪು ಒಂದೇ ತುಂಡು. ಎರಡೂ ಕಡೆ ತೆಳ್ಳಗೆ ಬಳಿದು, ತುದಿ ತಾಗುವವರೆಗೆ ಒತ್ತಿ, ಕಾಲು ಸುತ್ತು ತಿರುಗಿಸಿ ಹಿಡಿಯುತ್ತೀರಿ. ಒಳಗಿನಿಂದ ಪೈಪು ನಿಮ್ಮನ್ನೇ ಹಿಂದಕ್ಕೆ ದೂಡುತ್ತದೆ. ಎಲ್ಬೋದ ಬಾಯಿ ಒಳಕ್ಕೆ ಹೋದಂತೆ ಕಿರಿದಾಗಿರುವುದರಿಂದ ಹೀಗೆ. ಮೂವತ್ತು ಎಣಿಸುವವರೆಗೆ ಬಿಡಬೇಡಿ.

ಮರೆ ಇರುವ ಕಡೆ ಸೊಲ್ಯೂಶನ್ ಇಲ್ಲ. ಬಿಗಿಯುವ ದಿಕ್ಕಿಗೇ ಟೇಪನ್ನು ಮೂರ್ನಾಲ್ಕು ಸುತ್ತು ಸುತ್ತಿ, ಕೈಯಲ್ಲಿ ತಿರುಗಿಸಿ, ಸ್ಪ್ಯಾನರಿನಿಂದ ಸ್ವಲ್ಪವೇ ಸ್ವಲ್ಪ. "ಹೆಚ್ಚ್ ಬಿಗಿಬ್ಯಾಡಿ, ಒಡಿತ್ತ್."

ಮತ್ತೆ ಕಾಯುವುದು. ಇಪ್ಪತ್ತನಾಲ್ಕು ಗಂಟೆಯ ಮುಂಚೆ ನೀರು ಬಿಡುವಂತಿಲ್ಲ. ಮರುದಿನ ಬಾವಿನೀರು ತುಂಬಿ, ಪಂಪು ಓಡಿಸಿ, ಪೂರಾ ಚೆಲ್ಲುತ್ತೀರಿ. ಎರಡನೆಯ ಸಲ ಚೆಲ್ಲುವಾಗ ಪೈಪಿನ ಬಾಯಿಗೆ ಮೂಗು ಇಟ್ಟರೆ ಘಾಟು ಇಲ್ಲ.

ಮೂರನೆಯ ಬೆಳಗು ಬೈಂದೂರು ತಾಲ್ಲೂಕಿನ ಮರವಂತೆ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕೆ, ಇನ್ನೊಂದರಲ್ಲಿ ಕಡಲು. ನದಿ ಇಲ್ಲಿ ಕಡಲಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ಗಂಗೊಳ್ಳಿಯವರೆಗೆ ಹೋಗುತ್ತದೆ. ಅಳಿವೆಯ ಸಪ್ಪೆ ನೀರು ಬೆರೆಯದ ಕಡೆಯೆಂದೇ ಕ್ಯಾನುಗಳೊಂದಿಗೆ ಇಲ್ಲಿಗೆ ಬಂದದ್ದು. ಅಪ್ಪಟ ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನಿಮ್ಮ ತೊಟ್ಟಿ ತುಂಬಿದರೆ ಏಳು ಕಿಲೋ.

ಸಂಜೆ ಪಂಪು ಗುಂಯ್‌ಗುಡುತ್ತದೆ. ಪ್ರತಿ ಜೋಡಣೆಯ ಕೆಳಗೆ ಹಳೆಯ ಪೇಪರು ಹಾಸಿ ಮಲಗುತ್ತೀರಿ. ಬೆಳಿಗ್ಗೆ ಎದ್ದು ನೋಡಿದರೆ ಪೇಪರು ಒಣಗಿಯೇ ಇದೆ. ಪ್ಲಂಬರ್ ಮಾತ್ರ ಪೇಪರನ್ನು ನೋಡುವುದೇ ಇಲ್ಲ, ಬೆರಳನ್ನು ಜೋಡಣೆಯ ಸುತ್ತ ಆಡಿಸುತ್ತಾ ಹೋಗುತ್ತಾರೆ. ವಾಲ್ವಿನ ಮರೆಯ ಬಳಿ ಬೆರಳು ನಿಲ್ಲುತ್ತದೆ. ಸಾಸಿವೆಗಿಂತ ಸಣ್ಣದೊಂದು ಬಿಳಿ ಹರಳು. ನಾಲಿಗೆಗೆ ಮುಟ್ಟಿಸಿ, "ಉಪ್ಪ್" ಎನ್ನುತ್ತಾರೆ.

ಬಾವಿನೀರು ಜಿನುಗಿದ್ದರೆ ಗುರುತೇ ಉಳಿಸದೆ ಆರಿಹೋಗುತ್ತಿತ್ತು. ಕಡಲನೀರು ಹೋದ ದಾರಿಯಲ್ಲಿ ಉಪ್ಪು ಬಿಟ್ಟು ಹೋಗಿದೆ. ಪಂಪು ನಿಲ್ಲಿಸಿ, ಮರೆ ಬಿಚ್ಚಿ, ಟೇಪನ್ನು ಹೊಸದಾಗಿ ಸುತ್ತುತ್ತೀರಿ. ಚಟ್ಲಿ ಇನ್ನೂ ಒಂದು ದಿನ ಬಕೆಟ್ಟಿನಲ್ಲೇ ಇರಲಿ.